ನೆಲ ನೀರಾದಾಗ

೧೯೬೪ನೆಯ ಇಸವಿ ಜೂನ್ ತಿಂಗಳ ೧೬ನೆಯ ತಾರೀಖು, ಮಂಗಳವಾರ. ಜಪಾನ್ ದೇಶದ ಪಶ್ಚಿಮ ಕರಾವಳಿಯ ನೀಗಾತಾ ನಗರದಲ್ಲಿ ಮಧ್ಯಾಹ್ನದ ಊಟ ಮುಗಿಯುವ ಹೊತ್ತು. ಗಡಿಯಾರ ಒಂದು ಗಂಟೆ ಹೊಡೆದು ಇನ್ನೂ ಎರಡು ನಿಮಿಷವಾಗಿರಲಿಲ್ಲ, ಭೂಮಿ ನಡುಗಿತು. ಕಂಪನದ ಮೂಲವಿದ್ದುದು ನಗರದಿಂದ ದೂರದಲ್ಲಿ, ಕಡಲಿನ ತಳದಲ್ಲಿ. ಅದರ ಪ್ರಮಾಣ ೭.೫.

ಭೂಕಂಪವೆಂಬುದು ಜಪಾನೀಯರ ಮನೆಗೆ ಆಗಾಗ ಬಂದುಹೋಗುವ ನೆಂಟ. ೧೯೨೩ರಲ್ಲಿ ಟೋಕಿಯೋ, ಯೋಕೋಹಾಮಾ ನಗರಗಳು ಕುಸಿದು ಉರಿದುಹೋದ ತರುವಾಯ ಅಲ್ಲಿನ ಇಂಜಿನಿಯರರು ನಡುಕಕ್ಕೆ ಬಿರಿಯದಂತಹ ಕಟ್ಟಡಗಳನ್ನು ಕಟ್ಟುವುದರಲ್ಲಿ ಕೈ ಪಳಗಿಸಿಕೊಂಡಿದ್ದರು. ನೀಗಾತಾ ನಗರದ ನಡುವೆ ಹರಿಯುವ ಶಿನಾನೋ ನದಿಯ ಬದಿಗೆ, ಕವಾಗಿಶಿ-ಚೋ ಎಂಬ ಬಡಾವಣೆಯಲ್ಲಿ ಎದ್ದಿದ್ದ ನಾಲ್ಕು ಅಂತಸ್ತಿನ ಕಾಂಕ್ರೀಟಿನ ವಸತಿಗೃಹಗಳು ಅಂತಹವೇ. ಅಂದು ಅವುಗಳ ಗೋಡೆಗಳು ಬಿರಿಯಲಿಲ್ಲ, ಕಂಬಗಳು ಮುರಿಯಲಿಲ್ಲ. ಆದರೆ ಕಟ್ಟಡಕ್ಕೆ ಕಟ್ಟಡವೇ, ಸಂತೆಯಿಂದ ದಣಿದು ಬಂದ ಎತ್ತು ಮೈಚೆಲ್ಲುವಂತೆ, ನಿಧಾನವಾಗಿ ಪಕ್ಕಕ್ಕೆ ವಾಲತೊಡಗಿತು. ಒಂದಂತೂ ಬಹುಮಟ್ಟಿಗೆ ಮಲಗಿಯೇಬಿಟ್ಟಿತು. ಒಳಗಿದ್ದವರು ಹೊರಬಂದು, ಅದುವರೆಗೆ ಗೋಡೆಯಾಗಿದ್ದುದರ ಮೇಲೆಯೇ ಹೆಜ್ಜೆಯಿಟ್ಟು ನೆಲಕ್ಕೆ ಇಳಿದರು. ಕವಾಗಿಶಿ ಎಂಬ ಮಾತಿಗೆ ಜಪಾನೀ ಭಾಷೆಯಲ್ಲಿ ನದಿಯ ದಡವೆಂದು ಅರ್ಥ. ಹಿಂದೊಮ್ಮೆ ನದಿ ಹರಿಯುತ್ತಿದ್ದ ಜಾಗವನ್ನೇ ಮರಳು ತುಂಬಿ ಬಡಾವಣೆಯಾಗಿ ಮಾಡಲಾಗಿತ್ತು.

ನಗರದ ಉಳಿದೆಡೆಯಲ್ಲಿ ಕಂಡ ನೋಟವೂ ಇಷ್ಟೇ ವಿಚಿತ್ರ. ಬೀದಿಗಳಲ್ಲಿ, ವಿಮಾನ ನಿಲ್ದಾಣದಲ್ಲಿ, ನೆಲ ಸೀಳಿ ಕೆಸರುನೀರಿನ ಬುಗ್ಗೆಗಳು ಚಿಮ್ಮಿದವು. ಭಾರವಾದ ಕಟ್ಟಡಗಳು ನೆಲದೊಳಕ್ಕೆ ಇಳಿದುಹೋದರೆ, ನೆಲದಲ್ಲಿ ಹೂತಿದ್ದ ಹಗುರವಾದ ಕಾಂಕ್ರೀಟಿನ ತೊಟ್ಟಿಗಳು ಬೆಂಡಿನಂತೆ ಮೇಲಕ್ಕೆ ತೇಲಿಬಂದವು! ಶಿನಾನೋ ನದಿಗೆ ಅಡ್ಡಲಾಗಿ ಸುಮಾರು ಒಂದು ತಿಂಗಳ ಹಿಂದಷ್ಟೇ ಕಟ್ಟಿ ಮುಗಿಸಿದ್ದ ಷೋವಾ ಸೇತುವೆಯ ಐದು ಕಣ್ಣುಗಳ ಹಾಸು ಒಂದರ ಹಿಂದೊಂದು ಕಳಚಿ ನೀರಿಗೆ ಬಿದ್ದಿತು. ಅದೇ ನದಿಯ ಮೇಲೆ ೧೯೨೯ರಲ್ಲಿ ಕಟ್ಟಿದ ಹಳೆಯ ಬಂದಾಯ್ ಸೇತುವೆ ಮಾತ್ರ ನಿಂತಿತು. ಹೊಸದು ನಿಂತಿದ್ದುದು ಮರಳಿನಲ್ಲಿ ಹೊಡೆದ ಸಪುರವಾದ ಉಕ್ಕಿನ ಕೊಳವೆಗಳ ಮೇಲೆ. ಹಳೆಯದರ ಕಂಬಗಳ ಕೆಳಗೆ ನದಿಯ ತಳಕ್ಕಿಂತ ಬಹಳ ಕೆಳಕ್ಕೆ ಇಳಿಸಿದ ಭಾರಿ ಅಸ್ತಿವಾರಗಳಿದ್ದವು. ಇಷ್ಟೆಲ್ಲ ಆದರೂ ಆ ಭೂಕಂಪದಲ್ಲಿ ಪ್ರಾಣ ಕಳೆದುಕೊಂಡವರ ಸಂಖ್ಯೆ ೨೬. ಆಸ್ತಿ ಹಾಳಾದುದಕ್ಕೆ ಹೋಲಿಸಿದರೆ ಪ್ರಾಣಹಾನಿ ಕಡಿಮೆಯೆಂದೇ ಹೇಳಬೇಕು. ಮನೆ ಮುರಿದು ತಲೆಯ ಮೇಲೆ ಬೀಳದೆ ಮೆಲ್ಲಗೆ ಒರಗಿದ್ದರಿಂದ ಎಷ್ಟೋ ಜನ ಬದುಕಿದರು.

ಈ ಅನಾಹುತಕ್ಕೆ ಒಂದು ಅಪೂರ್ವ ಸಾಕ್ಷಿಯೂ ದೊರಕಿತು. ಕವಾಗಿಶಿ-ಚೋದ ವಸತಿಗೃಹವೊಂದರ ತಳಭಾಗದಲ್ಲಿ ಕಂಪನವನ್ನು ಗುರುತಿಸುವ ಯಂತ್ರವನ್ನು ಮೊದಲೇ ಇರಿಸಲಾಗಿತ್ತು. ಅದು ಬರೆದ ಗೆರೆಯನ್ನು ನೋಡಿದರೆ, ಮೊದಲ ಕೆಲವು ಕ್ಷಣ ಗರಗಸದ ಹಲ್ಲಿನಂತೆ ಚೂಪಾದ, ಒತ್ತೊತ್ತಾದ ಏರಿಳಿತಗಳು ಕಾಣುತ್ತವೆ. ಆ ಕಂಪನದ ವೇಗೋತ್ಕರ್ಷ ಹೆಚ್ಚೆಂದರೆ ಭೂಮಿಯ ಗುರುತ್ವದ ಆರರಲ್ಲಿ ಒಂದು ಪಾಲು, ಅತಿ ಭಯಂಕರವೇನಲ್ಲ. ಬಳಿಕ ಇದ್ದಕ್ಕಿದ್ದಂತೆ ಗೆರೆಯ ಸ್ವರೂಪವೇ ಬದಲಾಗಿ, ಕೆರೆಯಲ್ಲಿನ ದೋಣಿಯಂತೆ ಅದು ಉದ್ದುದ್ದನೆಯ ಅಲೆಗಳಲ್ಲಿ ತೂಗಾಡುತ್ತದೆ. ಕಟ್ಟಡದ ಕೆಳಗಿನ ನೆಲ ನೆಲವಾಗಿ ಉಳಿಯದೆ ಹೋದ ಗಳಿಗೆ ಅದೇ.

ಗಟ್ಟಿಯಾದ ನೆಲ ನೀರಾಗುವುದು ಹೇಗೆ? ಇದನ್ನು ತಿಳಿಯಲು ಅಡಿಗೆಮನೆಯ ಅನುಭವವೇ ಸಾಕು. ಅಳತೆಯ ಸೇರಿಗೆ ಅಕ್ಕಿಯನ್ನು ಹಗುರವಾಗಿ ಸುರಿದರೆ ಅದು ಬೇಗ ತುಂಬಿದಂತೆ ಕಾಣುತ್ತದೆ. ವ್ಯವಹಾರ ಬಲ್ಲ ಗೃಹಿಣಿ ಅದಕ್ಕೆ ಮೋಸಹೋಗದೆ “ಒಂದಿಷ್ಟು ಕುಲುಕಿ ಅಳೆಯಪ್ಪಾ” ಎನ್ನುತ್ತಾಳೆ. ಕುಲುಕಿದೊಡನೆ ಕಾಳುಗಳು ಒಂದರ ಸಂದಿನಲ್ಲಿ ಒಂದು ಸೇರಿ ಕೆಳಗಿಳಿಯುತ್ತವೆ. ನಡುವೆ ಇದ್ದ ಗಾಳಿ ಹೊರಗೆ ಹೋಗುತ್ತದೆ. ಸೇರಿನಲ್ಲಿ ಇನ್ನೊಂದು ಹಿಡಿಗೆ ಎಡೆಯಾಗುತ್ತದೆ. ಸಡಿಲವಾಗಿ ಬಿದ್ದಿರುವ ಮರಳಿನ ಸ್ವಭಾವವೂ ಇದೇ. ಆದರೆ ನದಿಯ ಬದಿಯಲ್ಲಿ, ಕಡಲಿನ ಅಂಚಿನಲ್ಲಿ, ಹೂಳು ತುಂಬಿದ ಕೆರೆಯಲ್ಲಿ ಮರಳಿನ ಕಣಗಳ ನಡುವೆ ಇರುವುದು ಗಾಳಿಯಲ್ಲ, ನೀರು. ಭೂಕಂಪ ಕುಲುಕುವುದು ಕ್ಷಣಕ್ಕೆ ಒಂದೆರಡು ಬಾರಿ. ಅಷ್ಟು ಬೇಗ ನೀರು ಸಂದಿನಿಂದ ನುಸುಳಿ ಹೊರಗೆ ಹೋಗಲಾರದು. ಕಣಗಳು ಒತ್ತಾಗಿ ಕೂಡಲು ಹವಣಿಸುತ್ತವೆ, ನೀರು ಎಡೆಕೊಡುವುದಿಲ್ಲ. ಅದುವರೆಗೆ ಮೇಲಿನ ಮಣ್ಣಿನ, ಮನೆಯ ಭಾರವನ್ನು ಒಂದಕ್ಕೊಂದು ಆತುಕೊಂಡು ಹೊತ್ತಿದ್ದ ಕಣಗಳು ಆ ಭಾರವನ್ನು ನೀರಿನ ತಲೆಗೆ ದಾಟಿಸಿ ತಾವು ಕೈಬಿಡುತ್ತವೆ.

ಮಣ್ಣಿನ ಬಲ ಅದರ ಕಣಗಳು ಒಂದನ್ನೊಂದು ಎಷ್ಟು ಒತ್ತಿ ಹಿಡಿದಿವೆ ಎಂಬುದನ್ನು ಅವಲಂಬಿಸಿದೆ, ನಡುವಣ ನೀರಿನ ಒತ್ತಡ ಹೆಚ್ಚಿದಷ್ಟೂ ಆ ಹಿಡಿತ ಕಡಿಮೆಯಾಗುತ್ತದೆ ಎಂಬ ಸೂತ್ರವನ್ನು ಕಾರ್ಲ್ ಟೆರ್ಜಾಗಿ ಎಂಬ ಇಂಜಿನಿಯರು ೧೯೨೦ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದನು. ನೀರಿನ ಒತ್ತಡ ಮೇಲಿನ ಭಾರಕ್ಕೆ ಸಮನಾದಾಗ ಹಿಡಿತವೆಂಬುದೇ ಇಲ್ಲ. ಮರಳು ನೀರಿನಲ್ಲಿ ತೇಲುವ ಕಣಗಳ ರಾಶಿಯಾಗುತ್ತದೆ. ಇದಕ್ಕೆ ಶಾಸ್ತ್ರಜ್ಞರು ಇಟ್ಟ ಹೆಸರು ದ್ರವೀಕರಣ. ನಡುಕ ನಿಂತ ಮೇಲೆ ಒತ್ತಡಕ್ಕೊಳಗಾದ ನೀರು ಮರಳನ್ನು ಹೊತ್ತು ಬಿರುಕುಗಳಿಂದ ಮೇಲಕ್ಕೆ ನುಗ್ಗುತ್ತದೆ. ನೀಗಾತಾದಲ್ಲಿ ಚಿಮ್ಮಿದ ಬುಗ್ಗೆಗಳು ಅವೇ.

ಭಾರತಕ್ಕೆ ಈ ಬುಗ್ಗೆಗಳ ಪರಿಚಯ ಇನ್ನೂ ಹಿಂದಿನದು. ೧೯೩೪ರ ಜನವರಿ ೧೫ರಂದು, ಸಂಕ್ರಾಂತಿಯ ಆಸುಪಾಸಿನಲ್ಲಿ, ಬಿಹಾರ ಮತ್ತು ನೇಪಾಳಗಳು ನಡುಗಿದವು. ಹತ್ತು ಸಾವಿರಕ್ಕೂ ಹೆಚ್ಚು ಜನ ಮಡಿದರು. ಗಂಗೆಯ ಉತ್ತರದ ಬಯಲಿನಲ್ಲಿ ಮೋತಿಹಾರಿ, ಸೀತಾಮಢಿ, ಮಧುಬನಿಗಳ ಮೂಲಕ ಹಾದುಹೋದ, ಸುಮಾರು ೩೦೦ ಕಿಲೋಮೀಟರು ಉದ್ದದ ಒಂದು ಪಟ್ಟಿಯಲ್ಲಿ ನೆಲವೇ ಕುಸಿಯಿತು. ಮನೆಗಳು ಒರಗಿದವು, ಹೂತವು. ಬಾವಿಗಳು ಮರಳಿನಿಂದ ಮುಚ್ಚಿಹೋದವು. ರೈತರ ಹೊಲಗಳ ಮೇಲೆ ಮರಳು ಹರಡಿಕೊಂಡಿತು. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ಊರೂರು ತಿರುಗಿ ಇದನ್ನೆಲ್ಲ ಬರೆದಿಟ್ಟರು. ಅವರು ಕಂಡುಕೊಂಡ ಒಂದು ಸಂಗತಿ ಸ್ವಾರಸ್ಯಕರವಾಗಿದೆ. ಈ ಪಟ್ಟಿಯ ಮನೆಗಳು ಓರೆಯಾಗಿ ಹೂತುಹೋದರೂ ಮುಂಗೇರ್ ಪಟ್ಟಣದ ಮನೆಗಳಂತೆ ನುಚ್ಚುನೂರಾಗಿರಲಿಲ್ಲ. ನೀಗಾತಾದ ಪಾಠ ಮೂವತ್ತು ವರ್ಷ ಮುಂಚೆಯೇ ನಮ್ಮ ನೆಲದಲ್ಲಿ ಬರೆದಿದ್ದಿತು. ಅದನ್ನು ಲೆಕ್ಕಕ್ಕೆ ಇಳಿಸುವ ವಿದ್ಯೆ ಮಾತ್ರ ಇನ್ನೂ ಹುಟ್ಟಿರಲಿಲ್ಲ.

ಆ ವಿದ್ಯೆ ಹುಟ್ಟಿದ್ದು ನೀಗಾತಾದ ಮತ್ತು ಅದೇ ವರ್ಷದ ಮಾರ್ಚ್ ತಿಂಗಳಿನ ಅಲಾಸ್ಕಾ ಭೂಕಂಪದ ಬಳಿಕ. ಒಂದು ಊರಿನ ನೆಲ ದ್ರವವಾಗುವುದೇ ಇಲ್ಲವೇ ಎಂಬುದನ್ನು ಮುಂಚಿತವಾಗಿ ಹೇಳುವುದು ಹೇಗೆ? ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಬೋಲ್ಟನ್ ಸೀಡ್ ಮತ್ತು ಅವರ ಸಹೋದ್ಯೋಗಿ ಇದ್ರಿಸ್ ೧೯೭೧ರಲ್ಲಿ ಒಂದು ಸರಳವಾದ ಕ್ರಮವನ್ನು ಪ್ರಕಟಿಸಿದರು. ಅದರ ಒಂದು ತಟ್ಟೆಯಲ್ಲಿ ಭೂಕಂಪದ ಅಲುಗಾಟ. ಇನ್ನೊಂದು ತಟ್ಟೆಯಲ್ಲಿ ಮಣ್ಣಿನ ಗಟ್ಟಿತನ. ಈ ಗಟ್ಟಿತನವನ್ನು ಅಳೆಯುವ ಬಗೆ ಬಹು ಹಳೆಯದು, ಒರಟಾದದ್ದು. ನೆಲದಲ್ಲಿ ರಂಧ್ರ ಕೊರೆದು, ಕೊಳವೆಯನ್ನು ಇಳಿಸಿ, ೬೩.೫ ಕಿಲೋಗ್ರಾಂ ತೂಕದ ಸುತ್ತಿಗೆಯನ್ನು ಮುಕ್ಕಾಲು ಮೀಟರು ಎತ್ತರದಿಂದ ಮತ್ತೆ ಮತ್ತೆ ಬೀಳಿಸುವುದು. ಕೊಳವೆ ೩೦ ಸೆಂಟಿಮೀಟರು ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುವುದು. ಐದಾರು ಪೆಟ್ಟಿಗೇ ಇಳಿದರೆ ಮರಳು ಸಡಿಲ, ಅಪಾಯ. ಮೂವತ್ತು ಪೆಟ್ಟು ಬೇಕಾದರೆ ಬಹುಮಟ್ಟಿಗೆ ನಿರ್ಭಯ. ಹಿಂದಿನ ಭೂಕಂಪಗಳಲ್ಲಿ ಎಲ್ಲಿ ಬುಗ್ಗೆ ಚಿಮ್ಮಿತು, ಎಲ್ಲಿ ಇಲ್ಲ ಎಂಬುದರೊಡನೆ ಪೆಟ್ಟಿನ ಸಂಖ್ಯೆಯನ್ನು ಹೋಲಿಸಿ ಒಂದು ಗಡಿರೇಖೆಯನ್ನು ಎಳೆಯಲಾಯಿತು. ಎಷ್ಟೋ ತಿದ್ದುಪಡಿಗಳೊಡನೆ ಅದೇ ಕ್ರಮ ಇಂದಿಗೂ ಲೋಕದಾದ್ಯಂತ ಬಳಕೆಯಲ್ಲಿದೆ.

ಆದರೆ ನೆಲ ದ್ರವವಾಗುವುದೇ ಎಂಬ ಪ್ರಶ್ನೆಗಿಂತ, ಆದ ಮೇಲೆ ಎಷ್ಟು ದೂರ ಜರುಗುತ್ತದೆ ಎಂಬ ಪ್ರಶ್ನೆ ಬಹಳ ಕಠಿನ. ಮನೆ, ಕೊಳಾಯಿ, ಸೇತುವೆಗಳನ್ನು ಮುರಿಯುವುದು ಆ ಜರುಗುವಿಕೆಯೇ. ಇದರ ಅರಿವನ್ನು ತಂದುಕೊಟ್ಟದ್ದೂ ನೀಗಾತಾ ನಗರವೇ, ಅದೂ ಎರಡು ದಶಕಗಳ ನಂತರ. ಅಲ್ಲಿನ ದೊಡ್ಡ ಕಟ್ಟಡವೊಂದನ್ನು ಹೊಸದಾಗಿ ಕಟ್ಟುವುದಕ್ಕಾಗಿ ೧೯೮೦ರ ದಶಕದಲ್ಲಿ ಅಸ್ತಿವಾರವನ್ನು ಅಗೆದಾಗ ಕೆಲಸಗಾರರು ಬೆರಗಾದರು. ಕಟ್ಟಡವನ್ನು ಹೊತ್ತಿದ್ದ ಕಾಂಕ್ರೀಟಿನ ಆಳಗಂಬಗಳು ಮೇಲೊಂದೆಡೆ, ಕೆಳಗೊಂದೆಡೆ ಮುರಿದು, ಒಂದು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿದಿದ್ದವು. ಇಪ್ಪತ್ತು ವರ್ಷ ಜನ ಆ ಕಟ್ಟಡದಲ್ಲಿ ಓಡಾಡಿದ್ದರು. ಕಾಲ ಕೆಳಗೆ ಮುರಿದ ಕಂಬಗಳಿವೆಯೆಂಬ ಸುಳಿವೂ ಯಾರಿಗೂ ಸಿಕ್ಕಿರಲಿಲ್ಲ. ಇದೇ ಸುಮಾರಿಗೆ ಹಮಾದಾ ಎಂಬ ವಿದ್ವಾಂಸರೂ ಅವರ ಜೊತೆಗಾರರೂ ಭೂಕಂಪಕ್ಕೆ ಮೊದಲು ಮತ್ತು ಆಮೇಲೆ ವಿಮಾನದಿಂದ ತೆಗೆದಿದ್ದ ನಗರದ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಂದೊಂದು ಗುರುತನ್ನೂ ಅಳೆದು ನೋಡಿದರು. ಸಮತಟ್ಟಾಗಿಯೇ ಕಾಣುವ ನೆಲ ನದಿಯ ಕಡೆಗೆ ಕೆಲವೆಡೆ ಎಂಟು ಮೀಟರುಗಳಷ್ಟು ಜರುಗಿದ್ದಿತು!

ಇಂತಹ ಜರುಗುವಿಕೆಯನ್ನು ಮುಂದಾಗಿ ಲೆಕ್ಕಹಾಕಬೇಕಾದರೆ ಒಂದು ಮಾದರಿ ಬೇಕು. ಪೆಟ್ಟಿಗೆಯೊಂದರಲ್ಲಿ ಒದ್ದೆ ಮರಳನ್ನು ತುಂಬಿ ಅಲುಗಿಸಿದರೆ ಆಗದೆ? ಆಗದು. ಮರಳಿನ ನಡತೆ ಅದರ ಮೇಲಿರುವ ಭಾರವನ್ನು ಅನುಸರಿಸುತ್ತದೆ. ಒಂದು ಗೇಣು ಮರಳು ಹದಿನೈದು ಮೀಟರು ಆಳದ ಮರಳಿನಂತೆ ವರ್ತಿಸುವುದಿಲ್ಲ. ಅದಕ್ಕೆ ಇಂಜಿನಿಯರರು ಕಂಡುಕೊಂಡ ಉಪಾಯ ಕವಣೆಯದು. ಕವಣೆಯನ್ನು ಬೀಸಿ ತಿರುಗಿಸಿದಾಗ ಒಳಗಿನ ಕಲ್ಲು ತನ್ನ ತೂಕಕ್ಕಿಂತ ಎಷ್ಟೋ ಪಾಲು ಭಾರವಾಗಿ ಕೈಯನ್ನು ಎಳೆಯುತ್ತದಷ್ಟೆ. ಹಾಗೆಯೇ ಉದ್ದವಾದ ಉಕ್ಕಿನ ತೋಳಿನ ತುದಿಗೆ ಮಾದರಿಯ ಪೆಟ್ಟಿಗೆಯನ್ನು ಕಟ್ಟಿ, ಅದರ ತೂಕ ಐವತ್ತು ಮಡಿಯಾಗುವಷ್ಟು ವೇಗದಲ್ಲಿ ತಿರುಗಿಸುತ್ತಾರೆ. ಆಗ ೩೦ ಸೆಂಟಿಮೀಟರು ಮರಳು ೧೫ ಮೀಟರು ಮರಳಿಗೆ ಸಮನಾಗುತ್ತದೆ. ತಿರುಗುತ್ತಿರುವಾಗಲೇ ಪೆಟ್ಟಿಗೆಯನ್ನು ಅಲುಗಿಸಿ ಪುಟ್ಟ ಭೂಕಂಪವನ್ನೂ ಉಂಟುಮಾಡುತ್ತಾರೆ. ಇನ್ನೊಂದು ತೊಡಕು ಉಳಿಯುತ್ತದೆ. ಚಿಕ್ಕ ಮಾದರಿಯಲ್ಲಿ ನೀರು ಹೊರಕ್ಕೆ ಹೋಗಬೇಕಾದ ದಾರಿ ಚಿಕ್ಕದು. ಅದು ಬೇಗನೆ ತಪ್ಪಿಸಿಕೊಂಡುಬಿಡುತ್ತದೆ. ಅದಕ್ಕಾಗಿ ನೀರಿನ ಬದಲು ಐವತ್ತು ಮಡಿ ಮಂದವಾದ, ತಿಳಿ ಗಂಜಿಯಂತಹ ದ್ರವವನ್ನು ತುಂಬುತ್ತಾರೆ. ಕೇಂಬ್ರಿಜ್ಜಿನಲ್ಲಿ ಆಂಡ್ರೂ ಸ್ಕೋಫೀಲ್ಡ್ ಮುಂತಾದವರು ಬೆಳೆಸಿದ ಈ ವಿದ್ಯೆಗೆ ಈಗ ಭಾರತದಲ್ಲಿಯೂ ನೆಲೆಯಿದೆ, ಮುಂಬಯಿಯ ಐ. ಐ. ಟಿ.ಯಲ್ಲಿ ನಾಲ್ಕೂವರೆ ಮೀಟರು ತ್ರಿಜ್ಯದ ಇಂತಹ ಯಂತ್ರವಿದೆ.

ಗಣಕಯಂತ್ರಗಳು ಬಂದ ಮೇಲೆ ಕಾಗದದ ಲೆಕ್ಕವೂ ಬೆಳೆಯಿತು. ನೆಲವನ್ನು ಸಾವಿರಾರು ಚಿಕ್ಕ ಚೌಕಗಳಾಗಿ ಭಾಗಿಸಿ, ಕ್ಷಣದ ಒಂದೊಂದು ಅಂಶದಲ್ಲಿಯೂ ಪ್ರತಿಯೊಂದು ಚೌಕದ ಕಣಗಳ ಹಿಡಿತವೆಷ್ಟು, ನೀರಿನ ಒತ್ತಡವೆಷ್ಟು ಎಂದು ಯಂತ್ರ ಎಣಿಸುತ್ತದೆ. ಇಂತಹ ಲೆಕ್ಕಗಳನ್ನು ಪರೀಕ್ಷೆಗೊಡ್ಡಲು ೧೯೯೦ರ ದಶಕದ ಮೊದಲಲ್ಲಿ ಅಮೆರಿಕ, ಇಂಗ್ಲೆಂಡುಗಳ ಹಲವು ವಿಶ್ವವಿದ್ಯಾನಿಲಯಗಳು ಸೇರಿ ಒಂದು ಪಂದ್ಯವನ್ನೇ ಹೂಡಿದವೆನ್ನಬಹುದು. ಮಾದರಿಯನ್ನು ತಿರುಗಿಸುವುದಕ್ಕೆ ಮುಂಚೆಯೇ ಲೆಕ್ಕಿಗರು ತಮ್ಮ ಉತ್ತರವನ್ನು ಬರೆದು ಕೊಡಬೇಕು, ಆಮೇಲೆ ಪ್ರಯೋಗ. ಶಾಲೆಯ ಹುಡುಗರಂತೆ ಉತ್ತರ ನೋಡಿಕೊಂಡು ಲೆಕ್ಕ ಸರಿಮಾಡುವಂತಿಲ್ಲ! ನೀರಿನ ಒತ್ತಡವನ್ನು ಊಹಿಸುವುದರಲ್ಲಿ ಹಲವರು ತಕ್ಕಮಟ್ಟಿಗೆ ಗೆದ್ದರು. ನೆಲ ಎಷ್ಟು ಜರುಗುತ್ತದೆ, ಎಷ್ಟು ಕುಸಿಯುತ್ತದೆ ಎಂಬಲ್ಲಿ ಬಹುಮಂದಿ ಎಡವಿದರು. ಇಂದಿಗೂ ಅಂತಹ ಪಂದ್ಯಗಳು ನಡೆಯುತ್ತಿವೆ. ಲೆಕ್ಕ ಎಷ್ಟೋ ಸುಧಾರಿಸಿದೆ. ಎಡವುವ ಜಾಗ ಮಾತ್ರ ಬಹುಮಟ್ಟಿಗೆ ಅದೇ ಆಗಿದೆ.

ಏಕೆಂದರೆ ನಿಜವಾದ ನೆಲ ಪ್ರಯೋಗಶಾಲೆಯ ಒಂದೇ ಬಗೆಯ ಮರಳಲ್ಲ. ನದಿ ಒಂದು ವರ್ಷ ಮರಳನ್ನು ತಂದು ಹಾಕಿದರೆ ಇನ್ನೊಂದು ವರ್ಷ ಅದರ ಮೇಲೆ ತೆಳ್ಳಗೆ ಮೆಕ್ಕಲನ್ನು ಹಾಸಿ ಹೋಗುತ್ತದೆ. ಜಪಾನಿನ ತಕಾಜಿ ಕೊಕುಶೊ ಎಂಬ ಪ್ರಾಧ್ಯಾಪಕರು ಪಾರದರ್ಶಕವಾದ ಕೊಳವೆಯೊಂದರಲ್ಲಿ ನೀರು ತುಂಬಿದ ಮರಳಿನ ನಡುವೆ ಇಂತಹ ತೆಳುವಾದ ಪದರವನ್ನಿಟ್ಟು ತಟ್ಟಿದರು. ಮರಳು ಕೆಳಗಿಳಿಯಿತು, ಮೇಲೇರಿದ ನೀರು ಪದರದ ಅಡಿಯಲ್ಲಿ ಸಿಕ್ಕಿಕೊಂಡು ಒಂದು ತೆಳ್ಳನೆಯ ನೀರಿನ ಹಾಳೆಯಾಯಿತು. ಅಲುಗಾಟ ನಿಂತ ಮೇಲೂ ಆ ಹಾಳೆ ಬಹಳ ಹೊತ್ತು ಉಳಿಯಿತು. ಅದರ ಮೇಲಿರುವ ನೆಲಕ್ಕೆ ಸ್ವಲ್ಪ ಇಳಿಜಾರಿದ್ದರೆ ಸಾಕು, ಎಣ್ಣೆ ಸವರಿದ ಮಣೆಯ ಮೇಲಿನಂತೆ ಜಾರಬಹುದು. ಷೋವಾ ಸೇತುವೆ ಬಿದ್ದುದು ನಡುಕ ಜೋರಾಗಿದ್ದಾಗಲಲ್ಲ, ಅದು ಇಳಿಮುಖವಾದ ಮೇಲೆ ಎಂದು ಕಣ್ಣಾರೆ ಕಂಡವರು ಹೇಳಿದುದರ ಗುಟ್ಟನ್ನು ಇಂತಹ ಪ್ರಯೋಗಗಳು ಸ್ವಲ್ಪಮಟ್ಟಿಗೆ ಬಿಡಿಸುತ್ತವೆ. ಎಲ್ಲೋ ಅರ್ಧ ಅಂಗುಲ ದಪ್ಪದ ಮೆಕ್ಕಲಿನ ಪದರ ಸುತ್ತಿಗೆಯ ಪೆಟ್ಟಿಗೂ ಸಿಗದೆ, ಗಣಕದ ಚೌಕಕ್ಕೂ ಸಿಗದೆ ಉಳಿದುಬಿಡುತ್ತದೆ.

೨೦೧೮ರ ಸೆಪ್ಟೆಂಬರ್ ೨೮ರಂದು ಇಂಡೋನೇಷ್ಯಾದ ಪಾಲು ನಗರದಲ್ಲಿ ಇದು ಘೋರರೂಪವನ್ನು ತಾಳಿತು. ಅಲ್ಲಿನ ಪೆಟೋಬೊ, ಬಲಾರೋವಾ ಮುಂತಾದ ಬಡಾವಣೆಗಳ ನೆಲದ ಇಳಿಜಾರು ಕಣ್ಣಿಗೆ ಬೀಳದಷ್ಟು ಅಲ್ಪ. ಆದರೂ ಅಂದು ಸಂಜೆ ಮನೆ, ರಸ್ತೆ, ತೆಂಗಿನ ಮರಗಳೊಡನೆ ನೆಲ ನೂರಾರು ಮೀಟರು ಹರಿದುಹೋಗಿ ಜನರನ್ನು ತನ್ನೊಳಗೆ ಹೂತುಕೊಂಡಿತು. ಪೆಟೋಬೊದ ಮೇಲುಭಾಗದಲ್ಲಿ ನೀರಾವರಿ ಕಾಲುವೆಯೂ ಬತ್ತದ ಗದ್ದೆಗಳೂ ಇದ್ದವು. ಬೆಳೆಗೆಂದು ಹಾಯಿಸಿದ ನೀರು ನೆಲವನ್ನು ತೋಯಿಸಿ ಅಪಾಯವನ್ನು ಹೆಚ್ಚಿಸಿತೆಂದು ಪರಿಶೀಲಿಸಿದ ವಿದ್ವಾಂಸರ ಅಭಿಪ್ರಾಯ.

ಲೆಕ್ಕ ತಪ್ಪುವುದು ಇನ್ನೊಂದು ದಿಕ್ಕಿನಲ್ಲಿಯೂ ಉಂಟು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರ ೨೦೧೦ ಮತ್ತು ೨೦೧೧ರ ಭೂಕಂಪಗಳಲ್ಲಿ ಮತ್ತೆ ಮತ್ತೆ ದ್ರವೀಕರಣಕ್ಕೆ ತುತ್ತಾಯಿತು. ಜನ ಮನೆಯಂಗಳದ ಕೆಸರುಮರಳನ್ನು ಗುದ್ದಲಿಯಿಂದ ಎತ್ತಿ ಮುಗಿಸುವಷ್ಟರಲ್ಲಿ ಮತ್ತೆ ಬುಗ್ಗೆ ಏಳುತ್ತಿತ್ತು. ಕೊನೆಗೆ ನೆಲದ ಹಾನಿಯನ್ನು ಅಳೆದು, ಮುಂದೆ ಏನಾಗಬಹುದೆಂದು ಅಂದಾಜುಮಾಡಿ, ಸುಮಾರು ೮,೦೦೦ ಮನೆಗಳ ಜಾಗ ವಾಸಕ್ಕೆ ತಕ್ಕುದಲ್ಲವೆಂದು ಸರ್ಕಾರ ಗುರುತಿಸಿ ಬಹುಪಾಲನ್ನು ಕೊಂಡುಕೊಂಡಿತು. ಬೀದಿಗೆ ಬೀದಿಯೇ ಬರಿದಾದವು. ಮುಂದೆ ಅಲ್ಲಿನ ನೆಲವನ್ನು ಕೂಲಂಕಷವಾಗಿ ಶೋಧಿಸಿದಾಗ, ಬಳಕೆಯಲ್ಲಿದ್ದ ಸರಳ ಲೆಕ್ಕದ ಪ್ರಕಾರ ಭಾರಿ ಹಾನಿಯಾಗಬೇಕಿದ್ದ ಕೆಲವು ಸ್ಥಳಗಳಲ್ಲಿ ಮೇಲ್ಮೈಗೆ ಏನೂ ಆಗಿರಲಿಲ್ಲವೆಂದು ತಿಳಿದುಬಂದಿತು. ಭಯವನ್ನು ಹೆಚ್ಚಾಗಿ ಎಣಿಸಿದರೆ ನಷ್ಟವೇನು ಎಂದು ದೂರದವರು ಕೇಳಬಹುದು. ಹುಟ್ಟಿಬೆಳೆದ ಮನೆಗೆ ಬೀಗಹಾಕಿ ಹೊರಡುವ ಕುಟುಂಬಕ್ಕೆ ಆ ಪ್ರಶ್ನೆ ಅಷ್ಟು ಹಗುರವಲ್ಲ.

ಅಪಾಯ ತಿಳಿದ ಮೇಲೆ ಪರಿಹಾರವಿಲ್ಲದೆ ಇಲ್ಲ. ಟೋಕಿಯೋ ಕೊಲ್ಲಿಯ ಅಂಚಿನ ಉರಯಾಸು ನಗರದ ಬಹುಪಾಲು ಕಡಲನ್ನು ತುಂಬಿ ಪಡೆದ ನೆಲ. ೨೦೧೧ರ ಮಾರ್ಚ್ ೧೧ರ ಮಹಾಕಂಪನದ ಕೇಂದ್ರ ಅಲ್ಲಿಂದ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು ದೂರ. ಅಲುಗಾಟ ಅಷ್ಟು ಬಿರುಸಲ್ಲ, ಆದರೆ ಬಹಳ ಹೊತ್ತು ನಡೆಯಿತು. ತುಂಬಿದ ನೆಲದ ಮೇಲಿನ ಸಾವಿರಾರು ಮನೆಗಳು ವಾಲಿದವು. ಅದೇ ಊರಿನ ಹಳೆಯ ಭಾಗ, ಅಂದರೆ ಮೀನುಗಾರರ ಹಿಂದಿನ ಹಳ್ಳಿಯಿದ್ದ ಸ್ವಾಭಾವಿಕ ನೆಲ, ಅಲುಗಲಿಲ್ಲ. ಹೊಸ ನೆಲದಲ್ಲಿಯೂ ಮೊದಲೇ ಮರಳಿನ ಕಂಬಗಳನ್ನು ಒತ್ತಾಗಿ ತುಂಬಿ ನೆಲವನ್ನು ಬಿಗಿಗೊಳಿಸಿದ್ದ ಜಾಗಗಳು ಉಳಿದವು. ಸೇರನ್ನು ಭೂಕಂಪ ಕುಲುಕುವುದಕ್ಕೆ ಮೊದಲು ಮನುಷ್ಯನೇ ಕುಲುಕಿ ತುಂಬಿದಂತೆ ಈ ಉಪಾಯ. ಖರ್ಚು ಮಾತ್ರ ಹೇರಳ.

ಭಾರತದಲ್ಲಿ ೨೦೦೧ರ ಜನವರಿ ೨೬ರ ಭೂಕಂಪದ ಹೊತ್ತಿಗೆ ಕಚ್ಛದ ರಣದಲ್ಲಿ ವಿಶಾಲವಾದ ಬಯಲುಗಳಲ್ಲಿ ನೀರು ಉಕ್ಕಿತು. ಕಂಡ್ಲಾ ಬಂದರಿನಲ್ಲಿ ೨೨ ಮೀಟರು ಎತ್ತರದ ಸುಂಕದ ಕಚೇರಿಯ ಗೋಪುರ ಆಳಗಂಬಗಳ ಮೇಲೆ ನಿಂತಿದ್ದರೂ ತುದಿಯಲ್ಲಿ ಸುಮಾರು ೩೦ ಸೆಂಟಿಮೀಟರು ವಾಲಿತು. ಇದಾದ ಮೇಲೆ ನಮ್ಮ ನಗರಗಳ ನೆಲವನ್ನೂ ವಾರ್ಡುವಾರ್ಡಾಗಿ ಪರೀಕ್ಷಿಸುವ ಕೆಲಸ ಚುರುಕಾಯಿತು. ಬೆಂಗಳೂರಿಗೆ ಸಂಬಂಧಿಸಿದ ಇಂತಹ ಅಧ್ಯಯನವನ್ನು ಭಾರತೀಯ ವಿಜ್ಞಾನ ಮಂದಿರದ ಟಿ. ಜಿ. ಸೀತಾರಾಂ ಮತ್ತು ಅವರ ಸಹೋದ್ಯೋಗಿಗಳು ನಡೆಸಿದರು. ನೂರಾರು ಕಡೆ ನೆಲ ಕೊರೆದಾಗ ಸಿಕ್ಕ ಪೆಟ್ಟಿನ ಲೆಕ್ಕಗಳೇ ಅದಕ್ಕೆ ಆಧಾರ. ಬೆಂಗಳೂರು ನಿಂತಿರುವುದು ಬಹುಮಟ್ಟಿಗೆ ಗಟ್ಟಿಬಂಡೆ ಮತ್ತು ಅದು ಶಿಥಿಲವಾಗಿ ಆದ ಕೆಂಪು ಮಣ್ಣಿನ ಮೇಲೆ. ಆದುದರಿಂದ ನಗರದ ಹೆಚ್ಚಿನ ಭಾಗಕ್ಕೆ ಈ ಭಯವಿಲ್ಲವೆಂಬುದು ಅವರು ಕಂಡುಕೊಂಡ ಉತ್ತರ. ಮರಳುಮಿಶ್ರಿತ ಹೂಳು ಇದ್ದು ನೀರು ಮೇಲಕ್ಕೇ ಸಿಗುವ ಕೆಲವು ಜಾಗಗಳನ್ನು ಮಾತ್ರ ಅವರು ಬೇರೆಯಾಗಿ ಗುರುತಿಸಿದ್ದಾರೆ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಗಿ, ಸಂಪಂಗಿ ಕೆರೆ ಕ್ರೀಡಾಂಗಣವಾಗಿ ಮಾರ್ಪಟ್ಟ ಊರಿನಲ್ಲಿ ಎಲ್ಲಿ ಯಾವ ಕೆರೆಯಿದ್ದಿತೆಂಬುದನ್ನು ಹಳಬರ ನೆನಪಿಗಿಂತ ಹೆಚ್ಚು ನಂಬಿಕೆಯಿಂದ ನೆಲದೊಳಗೆ ಇಳಿಯುವ ಕೊಳವೆಯೇ ಹೇಳಬಲ್ಲುದು.

ಬಹುಮಹಡಿಯ ಮನೆಗಳು ಏಳಲಿರುವ ಖಾಲಿ ನಿವೇಶನಗಳಲ್ಲಿ ಮೂರು ಕಾಲಿನ ಉಕ್ಕಿನ ಚೌಕಟ್ಟೊಂದನ್ನು ನಿಲ್ಲಿಸಿ, ಧಡ್ ಧಡ್ ಎಂದು ತೂಕ ಬೀಳಿಸುತ್ತಿರುವುದನ್ನು ನಗರವಾಸಿಗಳು ಕಂಡಿರಬಹುದು. ನೆರೆಹೊರೆಯವರಿಗೆ ಮಧ್ಯಾಹ್ನದ ನಿದ್ದೆ ಕೆಡಿಸುವ ಗದ್ದಲ ಅದು. ಪಕ್ಕದಲ್ಲಿ ಒಬ್ಬಾತ ಬಿಸಿಲಿನಲ್ಲಿ ನಿಂತು, ಕೊಳವೆ ಇಳಿದಂತೆಲ್ಲ ಪೆಟ್ಟುಗಳನ್ನು ಎಣಿಸಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿರುತ್ತಾನೆ.